ಗಿಡಕ್ಕೆ ತಾಳಿ ಕಟ್ಟಿದವಳು

ಅರಳಿಕಟ್ಟೆಯ ಮುಂದೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದ್ದರೆ ನಮ್ಮಕ್ಕ ಮನೆಯಲ್ಲೇ ಇರುತ್ತಿದ್ದಳು. ಹೋದ ತಿಂಗಳು ಬಡವನಹಳ್ಳಿ ಸಂತೆಯಲ್ಲಿ ಹೂವಿನವಳ ಮಂಕರಿ ಸರಿಸುವಾಗ ಸೇವಂತಿಗೆ ಎಲೆಯೊಂದು ಬೆರಳಿಗೆ ಸಿಕ್ಕಿ ನಲುಗಿತು. ಆ ಕಹಿ ಘಾಟು ಮೂಗಿಗೆ ಹತ್ತಿದ್ದೇ, ಕೊಳ್ಳಬೇಕಾದ್ದನ್ನು ಕೊಳ್ಳದೆ ಮನೆಗೆ ಬಂದೆ.

ಅಕ್ಕ ಗಂಡ ಸತ್ತ ಮೇಲೆ ತವರಿಗೆ ಬಂದವಳು. ಬಾವಿಯ ಪಕ್ಕ ನಮ್ಮದು ಹಳದಿ ಸೇವಂತಿಗೆ ತೋಟ. ಊರ ದೇವರ ಹಬ್ಬಕ್ಕೆ ಹೂವು ಹೋಗುತ್ತಿದ್ದುದು ಅಲ್ಲಿಂದಲೇ. ಆಗ ಅಲ್ಲೊಂದು ಇಲ್ಲೊಂದು ಗಿಡ ಕುಳ್ಳಾಗಿ, ಹೂವು ಅಂಗಿಯ ಗುಂಡಿಯಷ್ಟಕ್ಕೇ ನಿಂತುಬಿಡುತ್ತಿತ್ತು. ಅವನ್ನು ಕಿತ್ತೆಸೆದರೂ ಮುಂದಿನ ವರ್ಷ ಇನ್ನಷ್ಟು. ಸೊಂಪಾಗಿ ಕಾಣುವ ತಾಯಿಗಿಡದ ಒಳಗೂ ರೋಗ ಕೂತಿರುತ್ತದೆ, ಬುಡದ ಮರಿಸಸಿಗಳಲ್ಲಿ ಇಳಿಯುತ್ತದೆ ಎಂದು ಕಂಡುಕೊಂಡವಳು ಅವಳೇ. ಒಡೆದ ಮಡಕೆಗಳಲ್ಲಿ ಒಂದು ಜಾತಿಯ ಬಿಳಿ ಸೇವಂತಿಗೆ ಸಾಕಿದ್ದಳು. ಅದಕ್ಕೆ ರೋಗ ಬೇಗ ಹತ್ತುತ್ತಿತ್ತು. ಅನುಮಾನದ ಗಿಡದಿಂದ ಕುಡಿ ತಂದು, ಬಿಳಿ ಗಿಡದ ಕಾಂಡ ಸೀಳಿ ಸೇರಿಸಿ, ಬಾಳೆನಾರಿನಿಂದ ಕಟ್ಟುತ್ತಿದ್ದಳು. ಎರಡು ತಿಂಗಳಾದ ಮೇಲೆ ಬಿಳಿ ಗಿಡದ ಎಲೆಯನ್ನು ಬಿಸಿಲಿಗೆ ಹಿಡಿಯುವುದು. ಹಳದಿ ಚುಕ್ಕೆ ಕಂಡರೆ ಕುಡಿ ಕೊಟ್ಟ ಗಿಡ ಕೆಟ್ಟದ್ದು.

ನಾಲ್ಕನೇ ಕ್ಲಾಸು ಓದಿದ ನನಗೆ ಕಾಣದ ರೋಗ ಅಕ್ಷರ ಬಾರದ ಅವಳಿಗೆ ಕಾಣುತ್ತಿತ್ತು. ಅಪ್ಪ ಎಲ್ಲಕ್ಕೂ ಅವಳನ್ನೇ ಕೇಳುತ್ತಿದ್ದರು. ಅದೇ ನನಗೆ ಉರಿ. ಒಂದು ದಿನ ಅವಳಿಗೆ ಕೇಳಿಸುವ ಹಾಗೆ ನನ್ನ ಹೆಂಡತಿಗೆ ಹೇಳಿದೆ:

"ತನ್ನ ತಾಳಿ ಹರ್ಕೊಂಡೋಳು ಗಿಡಕ್ಕೆ ತಾಳಿ ಕಟ್ತಾವ್ಳೆ, ನೋಡೇ."

ಅಕ್ಕ ಬಿಳಿ ಗಿಡದ ಎಲೆಯೊಂದನ್ನು ಬಿಸಿಲಿಗೆ ಹಿಡಿದಳು. "ನಿಂಗೆ ಹೆಣ್ಣು ಕೊಡೋಕ್ ಮುಂಚೆ ಇವ್ಳಪ್ಪ ನಿನ್ನೂ ಇಂಗೇ ಬಿಸ್ಲಿಗಿಡ್ದು ನೋಡ್ಬೇಕಿತ್ತು ಕಣ್ಲಾ" ಅಂದಳು.

ನನ್ನ ಹೆಂಡತಿ ನಕ್ಕಳು. ಅಕ್ಕನ ಮಾತಿಗೆ ನಕ್ಕಳು, ನನ್ನದಕ್ಕಲ್ಲ... ಅದು ಒಳಗೆ ಹಾಗೇ ಕೂತಿತು.

ಆ ಸಲ ಅವಳು ಕೆಟ್ಟವೆಂದು ಕಂಡ ಏಳು ತಾಯಿಗಿಡಗಳಿಗೆ ಗುರುತಿಗೆ ಚಿಂದಿ ಕಟ್ಟಿ, ಇವುಗಳ ಮರಿ ಮುಟ್ಟಬೇಡ ಎಂದಿದ್ದಳು. ತೋಟದಲ್ಲೇ ಎಲ್ಲಕ್ಕಿಂತ ಹಸಿರಾಗಿದ್ದ ಗಿಡಗಳವು. ಇವಳ ಅಪ್ಪಣೆ ಯಾಕೆ ಕೇಳಬೇಕು ಎಂದುಕೊಂಡು ಚಿಂದಿಗಳನ್ನು ಬಿಚ್ಚಿ ಬಾವಿಗೆ ಎಸೆದೆ. ಹೊಸ ಪಾತಿಗೆಲ್ಲ ಅವುಗಳ ಮರಿಗಳನ್ನೇ ನೆಟ್ಟೆ.

ಹಬ್ಬದ ಹೊತ್ತಿಗೆ ಆ ಪಾತಿಯ ಒಂದು ಗಿಡವೂ ಮೊಣಕಾಲಿಗೆ ಬರಲಿಲ್ಲ. ದೇವರಿಗೆ ಕೊಡುವಂಥ ಒಂದು ಹೂವಿರಲಿಲ್ಲ. ನಾನು ಆಡಿದ ತಾಳಿಯ ಮಾತು ಅಷ್ಟರಲ್ಲಿ ಊರೆಲ್ಲ ಸುತ್ತಿತ್ತು. ತಮಾಷೆಗೆ ಆಡಿದ್ದನ್ನು ಹಿರಿಯರು ನಿಜವೆಂದೇ ಹಿಡಿದರು. ಗಂಡ ಸತ್ತವಳು ದೇವರ ಹೂವಿನ ಗಿಡಕ್ಕೆ ತಾಳಿ ಕಟ್ಟಿದ್ದಕ್ಕೇ ಈ ಕೇಡು, ಇನ್ನು ಅವಳು ತೋಟಕ್ಕೆ ಕಾಲಿಡಕೂಡದು ಎಂದು ಅರಳಿಕಟ್ಟೆಯಲ್ಲಿ ತೀರ್ಮಾನಿಸಿದರು. ಅಪ್ಪ ಹಿರಿಯರ ಮಾತಿಗೆ ತಲೆಯಾಡಿಸಿದರು. ಅಕ್ಕ ನನ್ನ ಕಡೆ ತಿರುಗಿದಳು.

"ಚಿಂದಿ ಬಿಚ್ಚಿದ್ದು ಯಾರು ಅಂತ ನೀನೇ ಹೇಳ್ಲಾ."

ನಾನು ನೆಲ ನೋಡುತ್ತಾ ನಿಂತೆ.

ಮಾರನೇ ದಿನವೇ ಅವಳು ಪಾವಗಡದ ಚಿಕ್ಕಮ್ಮನ ಮನೆಗೆ ಹೋದಳು. ಅಲ್ಲಿ ಅವರಿವರ ಮನೆಯ ರಾಗಿ ಬೀಸಿಕೊಟ್ಟು ಬದುಕಿದಳು. ಬಹಳ ವರ್ಷದ ಮೇಲೆ ಒಂದು ಮದುವೆಗೆಂದು ಆ ಮನೆಗೆ ಹೋಗಿದ್ದೆ. ನನ್ನನ್ನು ನೋಡಿ, ಯಾರೋ ಬಂದಿದ್ದಾರೆ, ನೀರು ಕೊಡಿ ಎಂದು ತೆಲುಗಿನಲ್ಲಿ ಹೇಳಿ ಒಳಗೆ ಹೋದಳು. ನನಗಾಗಿ ಕನ್ನಡವನ್ನೂ ಖರ್ಚು ಮಾಡಲಿಲ್ಲ.

ಸಂತೆಯಿಂದ ಬಂದ ದಿನ, ಹೋಗಿ ಹೇಳಿಬಿಡಬೇಕು ಎಂದುಕೊಂಡೆ. ಇವತ್ತು ನಾಳೆ ಎಂದು ದಿನ ತಳ್ಳಿದೆ. ಅಷ್ಟರಲ್ಲಿ ಅವಳು ತೀರಿಹೋದ ಸುದ್ದಿ ಬಂತು.

ನಿನ್ನೆ ಪಾವಗಡದಲ್ಲಿ ಅವಳ ಹನ್ನೊಂದನೇ ದಿನ. ಊಟದ ಸಾಲಿನಲ್ಲಿ ನಮ್ಮೂರ ಮುದುಕನೊಬ್ಬ, ಒಳ್ಳೆಯವಳೇ, ಆದರೆ ಅವಳ ಕೈಯಿಂದ ತೋಟ ಕೆಟ್ಟಿತು ಎಂದು ಮಾತು ತೆಗೆದ. ನಾನು ಎದ್ದು ನಿಂತೆ. ರೋಗ ಗುರುತು ಹಿಡಿದವಳು ಅವಳು, ಗೊತ್ತಿದ್ದೂ ರೋಗದ ಮರಿ ನೆಟ್ಟವನು ನಾನು ಎಂದೆ. ಸಾಲಿನಲ್ಲಿ ಕೂತವರ ಕೈಗಳು ಅನ್ನದ ಮೇಲೇ ನಿಂತವು. ಕೇಳಬೇಕಾದವಳೊಬ್ಬಳೇ ಅಲ್ಲಿರಲಿಲ್ಲ... ಅವಳಿಗೆಂದು ಇಟ್ಟಿದ್ದ ಎಡೆಯ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ:

"ತಪ್ಪಾಯ್ತು ಕಣಕ್ಕ. ನಾನೇ ಬಿಚ್ಚಿದ್ದು."