ತೆಯೋದುಲೋನ ಕೈಮಾತು

ಪೊಬ್ಲಾಸೆಕಾದಲ್ಲಿ ಇರುವುದು ಹದಿನಾಲ್ಕು ಜನ. ಕುರಿಗಳನ್ನೂ ಲೆಕ್ಕಕ್ಕೆ ಹಿಡಿದರೆ ಮುನ್ನೂರು ದಾಟುತ್ತದೆ. ಇಪ್ಪತ್ತಾರು ವರ್ಷದಿಂದ ನಾನು ದಿನಾ ಹನ್ನೊಂದು ಗಂಟೆಗೆ ಬ್ರೆಡ್ಡಿನ ವ್ಯಾನು ತಂದು ಇಗರ್ಜಿಯ ಮುಂದೆ ನಿಲ್ಲಿಸಿ ಮೂರು ಸಲ ಹಾರ್ನ್ ಒತ್ತುತ್ತೇನೆ. ಎಲ್ಲರಿಗಿಂತ ಮೊದಲು ಬರುವವಳು ಯುಫ್ರಾಸಿಯಾ. ನಾನು ಎಂಜಿನ್ ಆರಿಸುವಷ್ಟರಲ್ಲಿ ಅವಳ ಮಾತು ಅರ್ಧ ದಾರಿ ಬಂದಿರುತ್ತದೆ. ರಾತ್ರಿ ಬಿದ್ದ ಕನಸು, ಬೆಳಿಗ್ಗೆ ನೋಯುವ ಮೊಣಕಾಲು, ನೆರೆಮನೆಯ ನಾಯಿ, ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ, ಎಲ್ಲವೂ ಒಂದೇ ಉಸಿರಿನಲ್ಲಿ.

ಅವಳ ಗಂಡ ತೆಯೋದುಲೋ ಕುರಿ ಕಾಯುವವನು. ಅರವತ್ತಾರು ವರ್ಷ, ಗೂಟದ ಹಾಗೆ ನೆಟ್ಟಗಿನ ಆಳು. ದೇವರು ಇಬ್ಬರಿಗೆಂದು ಕೊಟ್ಟ ಮಾತನ್ನೆಲ್ಲ ಹೆಂಡತಿಯೇ ಇಟ್ಟುಕೊಂಡಳು ಎಂದು ಊರವರು ನಗುತ್ತಿದ್ದರು. "ಹೂಂ" ಎನ್ನುವುದಕ್ಕೂ ಅವನು ಒಮ್ಮೆ ಯೋಚಿಸುತ್ತಿದ್ದ.

ಆದರೆ ಅವನು ಹುಟ್ಟಿನಿಂದಲೇ ಹೀಗೆ ಮೂಗನ ಹಾಗಿರಲಿಲ್ಲ. ಅವನಿಗೊಬ್ಬ ಅಣ್ಣನಿದ್ದ, ಒನೇಸಿಮೋ. ಅಣ್ಣನ ಹಿಂಡು ಹಳ್ಳದ ಆ ಕಡೆ, ತಮ್ಮನದು ಈ ಕಡೆ. ನಡುವೆ ಒಂದು ಮೈಲಿ ಬಯಲು. ನಮ್ಮ ಬಯಲಿನಲ್ಲಿ ಗಾಳಿ ಎಂಥದ್ದೆಂದರೆ ಇಲ್ಲಿ ಕೂಗಿದ್ದು ಪಕ್ಕದ ಜಿಲ್ಲೆಯಲ್ಲಿ ಕೇಳುತ್ತದೆ, ಎದುರಿಗಿದ್ದವನಿಗೆ ಕೇಳುವುದಿಲ್ಲ. ಹಾಗಾಗಿ ಅಣ್ಣತಮ್ಮಂದಿರು ಚಿಕ್ಕಂದಿನಿಂದಲೇ ಕೈಯಲ್ಲಿ ಮಾತಾಡಲು ಕಲಿತರು. ಟೋಪಿ ಎತ್ತಿದರೆ ನೀರಿನ ಕಡೆ ಹೊರಡು ಎಂದು. ಕೋಲನ್ನು ಹೆಗಲ ಮೇಲೆ ಅಡ್ಡ ಹಿಡಿದರೆ ಒಂದು ಕುರಿ ಕಡಿಮೆಯಾಗಿದೆ ಎಂದು. ಬರಬರುತ್ತ ಹವಾಮಾನ, ಊರ ಸುದ್ದಿ, ಅತ್ತೆಯ ಮೇಲಿನ ಚಾಡಿ, ಎಲ್ಲಕ್ಕೂ ಒಂದೊಂದು ಸನ್ನೆ ಬಂತು. ಒಮ್ಮೆ ಇಬ್ಬರೂ ಹಳ್ಳದ ಎರಡು ದಡದಲ್ಲಿ ನಿಂತು ಮಧ್ಯಾಹ್ನವಿಡೀ ಜಗಳವಾಡಿದ್ದನ್ನು ನಾನೇ ವ್ಯಾನಿನಿಂದ ನೋಡಿದ್ದೇನೆ. ಒಂದು ಸದ್ದಿಲ್ಲ. ಗಾಳಿಯಂತ್ರಗಳು ಕಚ್ಚಾಡಿದ ಹಾಗಿತ್ತು.

ಆರು ವರ್ಷದ ಹಿಂದೆ ಒನೇಸಿಮೋ ತೀರಿಕೊಂಡ. ಅಲ್ಲಿಂದಾಚೆ ತೆಯೋದುಲೋನ ಕೈಗಳು ಸುಮ್ಮನೆ ಪಕ್ಕದಲ್ಲಿ ಜೋತುಬಿದ್ದವು.

ಹೋದ ವರ್ಷ ಏಪ್ರಿಲ್ ತಿಂಗಳ ಒಂದು ಶನಿವಾರ ನಾನು ಊರೊಳಗೆ ತಿರುಗುತ್ತೇನೆ, ಇದ್ದ ಒಂದೇ ಬೀದಿಗೆ ಅಡ್ಡವಾಗಿ ದೊಡ್ಡದೊಂದು ಪ್ರವಾಸಿ ಬಸ್ಸು ನಿಂತಿದೆ. ಸುತ್ತ ನಲವತ್ತು ಜನ. ನಾನು ಹಾರ್ನ್ ಒತ್ತಿದೆ. ಒಬ್ಬರೂ ಅಲುಗಲಿಲ್ಲ. ಮತ್ತೆ ಒತ್ತಿದೆ. ಹೂವಿನ ಅಂಗಿ ತೊಟ್ಟ ಹೆಂಗಸೊಬ್ಬಳು ನನ್ನ ವ್ಯಾನಿಗೇ ಒರಗಿಕೊಂಡು ಆಕಾಶ ನೋಡತೊಡಗಿದಳು. ನನಗೆ ರೇಗಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ರೀ, ಇಡೀ ಬಸ್ಸಿಗೆ ಬಸ್ಸೇ ಕಿವುಡಾ?" ಎಂದು ಅರಚಿದೆ.

ಬಸ್ಸಿನ ಚಾಲಕ ಓಡಿ ಬಂದ. "ಹೌದು ತಾಯಿ," ಎಂದ. "ನನ್ನೊಬ್ಬನ್ನ ಬಿಟ್ಟು."

ಭೂಮಿ ಬಾಯಿಬಿಟ್ಟರೆ ಸಾಕು ಅನಿಸಿತು ನನಗೆ. ಅವನು ಮಾತ್ರ ನಗುತ್ತಿದ್ದ. ಹೆಸರು ಬಾತಿಸ್ತೆ. ಅವನ ಅಪ್ಪ ಅಮ್ಮ ಇಬ್ಬರೂ ಕಿವುಡರಂತೆ, ಹಾಗಾಗಿ ಮಾತಿಗಿಂತ ಮೊದಲು ಕೈಮಾತು ಕಲಿತವನು. ಕಡಲ ದಂಡೆಯ ಅಲಿಕಾಂತೆ ಪಟ್ಟಣದ ಕಿವುಡರ ಸಂಘವನ್ನು ಕೋಟೆ ಇರುವ ಇನ್ನೊಂದು ಪೊಬ್ಲಾಸೆಕಾಕ್ಕೆ ಕರೆದೊಯ್ಯಬೇಕಿತ್ತು. ಮೊಬೈಲಿನ ದಾರಿ ನಂಬಿ ನೂರಮೂವತ್ತು ಕಿಲೋಮೀಟರ್ ಆಚೆಯ ನಮ್ಮ ಪೊಬ್ಲಾಸೆಕಾಕ್ಕೆ ತಂದು ನಿಲ್ಲಿಸಿದ್ದ.

"ಹಾಗಾದ್ರೆ ತಿರುಗಿಸ್ಕೊಂಡು ಹೊರಡು," ಎಂದೆ.

"ಆಗಲ್ಲ ತಾಯಿ. ಇಷ್ಟು ಹೊತ್ತು ಓಡಿಸಿದ ಮೇಲೆ ಬಿಡುವು ತಗೊಳ್ಳೇಬೇಕು, ಕಾನೂನು. ಇವ್ರಿಗೆ ಹೊಟ್ಟೆ ಹಸಿದಿದೆ. ಇಲ್ಲಿ ಹೋಟೆಲ್ ಎಲ್ಲಿದೆ?"

ಅಷ್ಟರಲ್ಲಿ ಯುಫ್ರಾಸಿಯಾ ಬಂದಳು. ನಲವತ್ತು ಜನ ಹೊಸಬರು! ಅವಳ ಮುಖ ಹಬ್ಬದ ದಿನದ ಹಾಗೆ ಬೆಳಗಿತು. ಹೂವಿನ ಅಂಗಿಯವಳ ಕೈ ಹಿಡಿದು ಊರ ಇತಿಹಾಸ ಶುರುಮಾಡಿದಳು. ಉತ್ತರ ಬರಲಿಲ್ಲ. ದನಿ ಏರಿಸಿದಳು. ಆಗಲೂ ಇಲ್ಲ. ಮತ್ತೂ ಏರಿಸಿದಳು. ಇಗರ್ಜಿಯ ಮೇಲಿದ್ದ ಕೊಕ್ಕರೆ ಎದ್ದು ಹಾರಿತು.

"ಅಕ್ಕಾ," ಎಂದ ಬಾತಿಸ್ತೆ, "ಹೀಗೇ ಕಿರುಚ್ತಾ ಇದ್ರೆ ಸಂಜೆ ಹೊತ್ತಿಗೆ ನಾನೂ ಈ ಸಂಘಕ್ಕೆ ಸೇರ್ಬೇಕಾಗುತ್ತೆ."

ವಿಷಯ ತಿಳಿದ ಮೇಲೆ ಯುಫ್ರಾಸಿಯಾ ಒಂದು ಕ್ಷಣ ಬಾಯಿ ತೆರೆದು ನಿಂತಳು. ಅವಳ ಜೀವಮಾನದಲ್ಲಿ ಅದೇ ಮೊದಲು. ಆಮೇಲೆ ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ವಿಸಿ, ವ್ಯಾನಲ್ಲಿ ಎಷ್ಟು ಬ್ರೆಡ್ಡಿದೆ?"

"ಐವತ್ತಿದೆ. ಆದ್ರೆ ಅದು ಮುಂದಿನ ಮೂರು ಊರಿಗೆ."

"ಅವ್ರು ನಿನ್ನೆ ತಿಂದಿದಾರೆ ಬಿಡು. ಇಳಿಸು."

ಇಳಿಸಿದೆ. ಊರ ಚಾವಡಿಯ ಒಲೆಯ ಮೇಲೆ ಹಂಡೆಯಷ್ಟು ದೊಡ್ಡ ಪಾತ್ರೆ ಏರಿತು. ಬೆಳ್ಳುಳ್ಳಿ, ಕೆಂಪು ಮೆಣಸಿನ ಪುಡಿ, ಬ್ರೆಡ್ಡು, ಹದಿನಾಲ್ಕು ಜನರ ಮನೆಯ ಕೋಳಿಗಳು ಆ ವಾರವಿಟ್ಟ ಮೊಟ್ಟೆಯೆಲ್ಲ ಅದರೊಳಗೆ ಹೋಯಿತು. ಮುಂದಿನ ಊರುಗಳಿಂದ ನನಗೆ ಫೋನು ಬರುತ್ತಲೇ ಇತ್ತು. ನಾನು ಎತ್ತಲಿಲ್ಲ.

ಸಾರು ಕುದಿಯುವ ಹೊತ್ತಿಗೆ ತೆಯೋದುಲೋ ಕುರಿ ಹೊಡೆದುಕೊಂಡು ಬಂದ. ಜನ ಕಂಡರೆ ಹಿಂದಿನ ಓಣಿ ಹಿಡಿಯುವ ಗಂಡಸು ಅವನು. ಅಂದು ಮಾತ್ರ ಬೀದಿಯ ಕೊನೆಯಲ್ಲಿ ಗಕ್ಕನೆ ನಿಂತ. ಎಲ್ಲೆಲ್ಲೂ ಕೈಗಳು. ನಲವತ್ತು ಜನರ ಎಂಬತ್ತು ಕೈ, ಗಾಳಿಯಲ್ಲಿ ಏಳುತ್ತ, ಬೀಳುತ್ತ, ತಿರುಗುತ್ತ. ಕುರಿಗಳು ಅವನನ್ನು ಬಿಟ್ಟು ಮುಂದೆ ಹೋದವು. ಅವನಿಗೆ ಅದರ ಪರಿವೆಯಿಲ್ಲ.

ಹೂವಿನ ಅಂಗಿಯವಳ ಹೆಸರು ಅಂಪಾರೋ, ಸಂಘದ ಅಧ್ಯಕ್ಷೆ, ಬಟ್ಟೆ ಹೊಲಿದು ಬದುಕಿದವಳು. ಅವಳು ಇವನನ್ನು ನೋಡಿ ಕುರಿಗಳ ಕಡೆ ಬೆರಳು ತೋರಿಸಿ, ಎಷ್ಟಿವೆ ಎಂಬಂತೆ ಕೈ ಆಡಿಸಿದಳು.

ತೆಯೋದುಲೋ ಕೋಲನ್ನು ಗೋಡೆಗೆ ಒರಗಿಸಿದ. ನಿಧಾನವಾಗಿ ಎರಡೂ ಕೈ ಎತ್ತಿದ. ಅಣ್ಣನಿಗೆ ಹೇಳುತ್ತಿದ್ದ ಹಾಗೆಯೇ ಹೇಳಿದ. ಇನ್ನೂರ ತೊಂಬತ್ತು, ಅದರಲ್ಲಿ ಒಂದಕ್ಕೆ ಕಾಲು ಕುಂಟು.

ಅಂಪಾರೋ ಕುಂಟುವ ಕುರಿಯ ಹಾಗೆ ಎರಡು ಹೆಜ್ಜೆ ನಡೆದು, ಹೀಗಾ ಎಂದು ಸನ್ನೆಯಲ್ಲೇ ಕೇಳಿದಳು. ತೆಯೋದುಲೋ ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ಆ ನಗು ಕೇಳಿ ಒಳಗೆ ಸಾರು ಬಡಿಸುತ್ತಿದ್ದ ಯುಫ್ರಾಸಿಯಾ ಸೌಟು ಹಿಡಿದೇ ಹೊರಗೆ ಬಂದಳು.

"ಯಾರೇ ವಿಸಿ ಅದು, ನಗ್ತಾ ಇರೋದು?"

"ನಿನ್ನ ಗಂಡ."

"ಸುಳ್ಳು ಹೇಳ್ಬೇಡ."

ಎಲ್ಲವೂ ಸಲೀಸಾಗಿ ನಡೆಯಿತು ಎಂದೇನಲ್ಲ. ಅವನದು ಬಯಲಿನ ಸನ್ನೆ, ಅವರದು ಹದವಾಗಿ ಬೆಳೆದ ಭಾಷೆ. ನೀರು ಬೇಕೇ ಎಂದು ಅವನು ಟೋಪಿ ಎತ್ತಿ ಏನೋ ಮಾಡಿದ್ದಕ್ಕೆ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಏನಂತ ಅರ್ಥವಾಯಿತೋ, ಎಷ್ಟು ಬೇಡಿಕೊಂಡರೂ ಬಾತಿಸ್ತೆ ಹೇಳಲಿಲ್ಲ. ಕಿವಿಯವರೆಗೆ ಕೆಂಪಾಗಿದ್ದ.

ಊಟವಾಯಿತು. ಬಿಡುವಿನ ಹೊತ್ತೂ ಮುಗಿದಿತ್ತು. ಆದರೆ ಯಾರಿಗೂ ಬಸ್ಸು ಹತ್ತುವ ಮನಸ್ಸಿಲ್ಲ. ತೆಯೋದುಲೋ ಎಲ್ಲರನ್ನೂ ಪಾರಿವಾಳದ ಗೂಡುಮನೆ ದಾಟಿಸಿ ದಿಬ್ಬಕ್ಕೆ ಕರೆದೊಯ್ದ. ಹಸಿರು ಬಾರ್ಲಿಯ ನಡುವೆ ಎರೆಭೂತ ಹಕ್ಕಿ ನಿಂತಿತ್ತು, ಕುರಿಮರಿಯಷ್ಟು ಎತ್ತರದ್ದು. ಪಿಸುಮಾತಿಗೂ ಓಡಿಹೋಗುವ ಜಾತಿ ಅದು. ನಾನು ಹುಟ್ಟಿದಾಗಿನಿಂದ ಈ ಸೀಮೆಯಲ್ಲೇ ಇದ್ದರೂ ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಗಂಡುಹಕ್ಕಿ ಬಾಲವನ್ನು ಬೆನ್ನ ಮೇಲೆ ಮಡಚಿ, ರೆಕ್ಕೆ ತಿರುವಿ, ತನ್ನನ್ನೇ ಒಳಹೊರಗು ಮಾಡಿಕೊಂಡು ಬೆಳ್ಳಗೆ ನೊರೆಯ ಉಂಡೆಯಂತಾಯಿತು. ಯುಫ್ರಾಸಿಯಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಅಂಗೈ ಹಿಂದೆ ತುಟಿ ಅಲುಗುತ್ತಲೇ ಇತ್ತು.

ಇದರ ಹೆಸರೇನು ಎಂದು ಅಂಪಾರೋ ಬಾತಿಸ್ತೆಯ ಮೂಲಕ ಕೇಳಿದಳು. ತಮ್ಮ ಊರಿನಲ್ಲಿ ಇದಕ್ಕೆ ಸನ್ನೆ ಯಾರಿಗೂ ಗೊತ್ತಿಲ್ಲವಂತೆ. ತೆಯೋದುಲೋ ಮೊಣಕೈಗಳನ್ನು ಹಿಂದಕ್ಕೆ ಎಳೆದು, ಎದೆ ಉಬ್ಬಿಸಿ, ಬೆರಳುಗಳನ್ನು ಸರ್ರನೆ ಬಿಡಿಸಿ ಗಂಡುಹಕ್ಕಿಯಾದ. ನಲವತ್ತು ಜನರೂ ದಿಬ್ಬದ ಮೇಲೆ ಅದನ್ನೇ ಮಾಡಿದರು. ಇನ್ನು ಮುಂದೆ ನಮ್ಮ ಸಂಘದಲ್ಲಿ ಇದೇ ಅದರ ಹೆಸರು ಎಂದಳು ಅಂಪಾರೋ.

ಅವನಿಗೂ ಒಂದು ಹೆಸರಿಟ್ಟರು. ಕಿವುಡರಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಹೆಸರು ಇರುತ್ತದೆ, ಅದನ್ನು ತಾನೇ ಇಟ್ಟುಕೊಳ್ಳುವ ಹಾಗಿಲ್ಲ, ಬೇರೆಯವರು ಕೊಡಬೇಕು. ಇವನಿಗೆ ಕೊಟ್ಟದ್ದು ಟೋಪಿಯ ಅಂಚನ್ನು ಎರಡು ಬೆರಳಲ್ಲಿ ಮೇಲಕ್ಕೆ ತಳ್ಳುವುದು.

"ಮತ್ತೆ ನನಗೆ?" ಎಂದಳು ಯುಫ್ರಾಸಿಯಾ.

ಅಂಪಾರೋ ಯೋಚಿಸಲೇ ಇಲ್ಲ. ಬೆರಳುಗಳನ್ನು ಕೊಕ್ಕಿನಂತೆ ಜೋಡಿಸಿ ಪಟಪಟ ಬಡಿದಳು. ಯುಫ್ರಾಸಿಯಾಳ ಮುಖ ಬಿಗಿಯಿತು. ಆಮೇಲೆ ಗಂಡನ ಕಡೆ ನೋಡಿದಳು. ಅವನು ನಗು ತಡೆಯಲಾರದೆ ಬಾರ್ಲಿಯೊಳಗೆ ತಲೆ ಬಗ್ಗಿಸಿದ್ದ. "ಸರಿ ಬಿಡಿ," ಎಂದಳು, "ಸತ್ಯ ಹೇಳಿದವ್ರ ಮೇಲೆ ಕೋಪ ಯಾಕೆ?"

ಮಾರನೆಯ ದಿನ ಬ್ರೆಡ್ಡಿಗೆ ಬಂದಾಗ ಅವಳು ದನಿ ತಗ್ಗಿಸಿ ಹೇಳಿದಳು: "ನಿನ್ನೆ ಅಣ್ಣನ ವಿಷಯ ಎಲ್ಲಾ ಹೇಳ್ದ ಕಣೇ, ಅಂಪಾರೋಗೆ. ಚಾವಡಿ ಜಗಲಿ ಮೇಲೆ ಕೂತು. ನಾನು ಆರು ವರ್ಷದಿಂದ ಕೇಳ್ತಾನೇ ಇದ್ದೆ, ನನಗೆ ಹೇಳಿರ್ಲಿಲ್ಲ."

"ಬೇಜಾರಾಯ್ತಾ?"

"ಆಯ್ತು. ಆಮೇಲೆ ಅನ್ನಿಸ್ತು, ನಾನು ಕೇಳ್ತಿದ್ದೆ, ಸರಿ. ಆದ್ರೆ ಹೇಳೋಕೆ ಜಾಗ ಎಲ್ಲಿ ಬಿಟ್ಟಿದ್ದೆ?"

ಪೇಟೆಯಿಂದ ಸನ್ನೆಭಾಷೆಯ ಪುಸ್ತಕ ತಂದುಕೊಡು ಎಂದು ತೆಯೋದುಲೋ ತಾನಾಗಿ ಬಂದು ಕೇಳಿದ. ತಂದುಕೊಟ್ಟೆ. ಬೇಸಗೆಯಿಡೀ ಅವನು ಕುರಿಗಳ ಹಿಂದೆ ಅದನ್ನು ಓದಿದ, ಯುಫ್ರಾಸಿಯಾ ಅಡುಗೆಮನೆಯಲ್ಲಿ ಓದಿದಳು. ಅವಳ ಬೆರಳು ನಾಲಿಗೆಯಷ್ಟು ಚುರುಕಲ್ಲ. ಉಪ್ಪು ಕೊಡು ಎನ್ನುವುದಕ್ಕೆ ಒಂದು ನಿಮಿಷ ಬೇಕು. ಆ ನಿಮಿಷ ಮನೆ ತಣ್ಣಗಿರುತ್ತದೆ, ಅವನು ತಾಳ್ಮೆಯಿಂದ ಕಾಯುತ್ತಾನೆ, ತಿದ್ದುತ್ತಾನೆ.

ಅಕ್ಟೋಬರಿನಲ್ಲಿ ಸಂಘದವರು ಇಬ್ಬರನ್ನೂ ಅಲಿಕಾಂತೆಗೆ ಕರೆಸಿಕೊಂಡರು. ಹರೆಯದ ಕಡ್ಡಾಯ ಸೈನ್ಯದ ಚಾಕರಿ ಮುಗಿದ ಮೇಲೆ ತೆಯೋದುಲೋ ಜಿಲ್ಲೆಯ ಗಡಿ ದಾಟಿದ್ದು ಅದೇ ಮೊದಲು. ಮೂರು ದಿನ ಕುರಿ ಕಾದವಳು ನಾನು. ಆ ಮೂರು ದಿನದ ಕತೆ ಹೇಳಲಾರೆ. ಕುರಿಗಳಿಗೂ ನನಗೂ ಈಗ ಮಾತಿಲ್ಲ.

ತಿರುಗಿ ಬಂದ ದಿನ ಕೇಳಿದೆ: "ಸಮುದ್ರ ಹೇಗಿತ್ತು?"

"ಎಲ್ಲಿ ನೋಡಿದ?" ಎಂದಳು ಯುಫ್ರಾಸಿಯಾ. "ಮೂರು ದಿನಾನೂ ದಡದ ಮೇಲೆ ಸಮುದ್ರಕ್ಕೆ ಬೆನ್ನು ಹಾಕ್ಕೊಂಡೇ ಕೂತಿದ್ದ, ಅವ್ರ ಜೊತೆ ಹರಟ್ತಾ. ಅಷ್ಟು ದೂರ ಹೋಗಿ!"

ತೆಯೋದುಲೋ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡ. ನಾನು ಕೇಳಿದ ಅವನ ಅತಿ ಉದ್ದದ ಮಾತು ಆಗ ಹೊರಬಂತು.

"ಮುಖಕ್ಕೆ ಮುಖ ಕೊಟ್ಟು ಕೂರ್ಬೇಕು ವಿಸಿ. ಅವ್ರಿಗೆ ಸಮುದ್ರ ಕಾಣೋ ಹಾಗೆ ಕೂರಿಸ್ದೆ, ಅವ್ರ ಊರಿನ ಸಮುದ್ರ ತಾನೇ? ನನಗೆ ಅವ್ರು ಕಂಡ್ರೆ ಸಾಕಿತ್ತು."