ಸುಡದೆ ಉಳಿದ ಫ್ಯೂಸು

ಹೋದ ವಾರ ಸಿರಾದ ಮಂಡಿಗೆ ಹುಣಸೆಹಣ್ಣಿನ ಮೂಟೆ ಇಳಿಸಲು ಹೋಗಿದ್ದೆ. ನನ್ನದು ಲಗೇಜ್ ಆಟೋ. ಮೂಟೆ ಇಳಿಸುವ ಹೊತ್ತಿಗೆ ಮೊಬೈಲ್ ಸತ್ತಿತ್ತು. ಚಾರ್ಜರ್ ಚುಚ್ಚುವ ಜಾಗ ಸಡಿಲವಾಗಿ ಬಹಳ ದಿನವಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ರಿಪೇರಿ ಅಂಗಡಿಯಲ್ಲಿ ಕೊಟ್ಟೆ. ಅಂಗಡಿಯವನು ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಪೇಸ್ಟಿನ ಡಬ್ಬಿಗೆ ಅದ್ದಿದ. ಚುಯ್ ಎಂದು ಬಿಳಿ ಹೊಗೆ ಎದ್ದು ನೇರ ನನ್ನ ಮುಖಕ್ಕೆ ಬಂತು. ಸುಟ್ಟ ತಗಡಿಗೆ ಸಾಂಬ್ರಾಣಿ ಬೆರೆತಂಥ ವಾಸನೆ...

"ಯಾಕಣ್ಣಾ, ಹೊಗೆ ಆಗಲ್ವಾ?" ಎಂದ. ನನಗೇ ತಿಳಿಯದೆ ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಆ ಹೊಗೆಯ ವಾಸನೆ ನಮ್ಮ ಮನೆಯಲ್ಲಿ ಎರಡು ವರ್ಷ ಇತ್ತು. ಅಕ್ಕನ ಸೀರೆಯಲ್ಲಿ, ತಲೆಯಲ್ಲಿ, ಅವಳು ಬಡಿಸಿದ ಮುದ್ದೆಯಲ್ಲಿ ಕೂಡ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೂತು ಬರೆಯುವ ಅಭ್ಯಾಸ ಇಲ್ಲ. ಹಿಂದುಮುಂದಾದರೆ ಓದುವವರು ಸರಿಮಾಡಿಕೊಳ್ಳಬೇಕು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಐಟಿಐ ಓದಿ, ತುಮಕೂರಿನ ಆಚೆ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸದಲ್ಲಿದ್ದಳು. ಹೊಳವನಹಳ್ಳಿಯಿಂದ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ಸು. ಆ ವಿಭಾಗವನ್ನು ಕಂಪನಿಯವರು ಬೇರೆ ಊರಿಗೆ ಸಾಗಿಸಿದಾಗ ಅವಳು ಮನೆಯಲ್ಲಿ ಉಳಿದಳು. ನಾನು ಆಗ ಮದುವೆ, ನಾಮಕರಣಗಳಿಗೆ ಸೌಂಡ್ ಸೆಟ್ ಹಾಕುತ್ತಿದ್ದೆ. ಸ್ಪೀಕರ್ ಬಾಕ್ಸುಗಳನ್ನು ಸಿರಾದ ಒಂದು ಅಂಗಡಿಯಿಂದ ಬಾಡಿಗೆಗೆ ತರುತ್ತಿದ್ದೆ. ಅಂಗಡಿಯ ಯಜಮಾನರನ್ನು ಎಲ್ಲರೂ ಭಾಯ್ ಎನ್ನುತ್ತಿದ್ದರು. ಮೆತ್ತನೆಯ ಮನುಷ್ಯ, ಒಂದು ವಿಷಯ ಬಿಟ್ಟು. ಫ್ಯೂಸು ಹೋದರೆ ಹೊಸ ಫ್ಯೂಸೇ ಹಾಕಬೇಕು. ಅದಕ್ಕೆ ತಂತಿಯೋ ಸಿಲ್ವರ್ ಪೇಪರೋ ಸುತ್ತಿ ನಡೆಸಿದ್ದು ಗೊತ್ತಾದರೆ ಅಂಥವನಿಗೆ ಅವರು ಮತ್ತೆ ಬಾಕ್ಸು ಕೊಡುತ್ತಿರಲಿಲ್ಲ. ಹಾಗೆ ಇಬ್ಬರನ್ನು ಅಂಗಡಿಯಿಂದ ಕಳಿಸಿದ್ದನ್ನು ನಾನೇ ನೋಡಿದ್ದೆ.

ಬಾಕ್ಸಿಗೆ ಸದ್ದು ಕಳಿಸುವ ಆಂಪ್ಲಿಫೈಯರನ್ನೂ ನಾನು ಬಾಡಿಗೆಗೇ ತರುತ್ತಿದ್ದೆ. ಅದು ಕೆಟ್ಟು ಎರಡು ಸಲ ಜನರ ಬಾಯಿಗೆ ಸಿಕ್ಕಿದ ಮೇಲೆ ಅಕ್ಕ, "ನಾನೇ ಒಂದು ಮಾಡ್ಕೊಡ್ತೀನಿ ಇರ್ಲಾ" ಎಂದಳು. ಗುಜರಿಯಿಂದ ಒಂದು ಕೆಟ್ಟ ಯುಪಿಎಸ್ ತಂದು, ಒಳಗಿನದೆಲ್ಲ ಕಿತ್ತು ಡಬ್ಬಿ ಮಾತ್ರ ಇಟ್ಟುಕೊಂಡಳು. ಟ್ರಾನ್ಸ್‌ಫಾರ್ಮರು, ಬೀಡಿ ಕಟ್ಟಿನಷ್ಟು ದಪ್ಪದ ಕೆಪಾಸಿಟರುಗಳು, ಶಾಖ ಹೀರುವ ಅಲ್ಯೂಮಿನಿಯಂ ಪಟ್ಟಿ, ನಾಲ್ಕು ಜೋಡಿ ಟ್ರಾನ್ಸಿಸ್ಟರು ಬೆಂಗಳೂರಿನಿಂದ ಬಂದವು. ಅಡುಗೆಮನೆಯ ಬಾಗಿಲಲ್ಲಿ, ಬೆಳಕು ಬೀಳುವ ಕಡೆ ಮಣೆ ಹಾಕಿ ಕೂರುತ್ತಿದ್ದಳು.

"ಇವು ಗಂಡ ಹೆಂಡ್ತಿ ಇದ್ದಂಗೆ ಕಣ್ಲಾ. ಒಂದು ಸುಟ್ಟೋದ್ರೆ ಇನ್ನೊಂದನ್ನೂ ಕಿತ್ತಾಕ್ಬೇಕು" ಎಂದು ಟ್ರಾನ್ಸಿಸ್ಟರು ತೋರಿಸಿದ್ದಳು.

ಒಲೆಯ ಮುಂದಿದ್ದ ಅಮ್ಮ ಸುಮ್ಮನಿರಲಿಲ್ಲ. "ಅದುಕ್ಕಾದ್ರೂ ಜೋಡಿ ಹುಡುಕ್ದಲ್ಲ ಪುಣ್ಯಾತ್ಗಿತ್ತಿ. ನಿಂಗ್ಯಾವಾಗ?"

"ನಂಗೂ ಬೆಂಗ್ಳೂರಿಂದ ತರಿಸ್ಬುಡಮ್ಮ. ಗ್ಯಾರಂಟಿ ಐತಾ ಕೇಳು."

ಅವಳ ಕೆಲಸದಲ್ಲಿ ನನಗೆ ಅರ್ಥವಾಗಿದ್ದು ಒಂದೇ, ಆ ಬಲ್ಬು. ಕರೆಂಟನ್ನು ನೇರ ಕೊಡುತ್ತಿರಲಿಲ್ಲ. ನಡುವೆ ಹಳೆಯ ನೂರು ಕ್ಯಾಂಡಲ್ ಬಲ್ಬೊಂದನ್ನು ಸೇರಿಸಿ ಕೊಡುತ್ತಿದ್ದಳು. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಒಳಗೆ ಎಲ್ಲ ಸರಿ. ಹೊಳೆಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ, ಕೂಡಲೇ ತೆಗೆಯಬೇಕು. ಬಲ್ಬು ಮಂಕಾದ ದಿನ ಬಾಕ್ಸು ತಗುಲಿಸಿದರೆ ಜೇನು ಎದ್ದಂತೆ ಗುಂಯ್ ಎಂಬ ಸದ್ದು. ಮೂರು ದಿನ ಅದರ ಹಿಂದೆ ಬಿದ್ದಳು. ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಕೂರಿಸಿದಳು, ತಂತಿಗಳನ್ನು ಜಡೆಯಂತೆ ಹೆಣೆದಳು. ನಾಲ್ಕನೇ ದಿನ ಅರ್ಥಿಂಗ್ ತಂತಿಗಳನ್ನೆಲ್ಲ ಒಂದೇ ತಿರುಪಿಗೆ ತಂದು ಬಿಗಿದಾಗ ಸದ್ದು ನಿಂತಿತು. ಕರೆಂಟು ಇದೆಯೋ ಇಲ್ಲವೋ ಅನ್ನುವಷ್ಟು ಮೌನ. ಅಕ್ಕ ಹಾಡು ಒಳಗೆ ಬರುವ ಇನ್‌ಪುಟ್ ತಂತಿಯ ತುದಿಯನ್ನು ಬೆರಳಿನಿಂದ ಮುಟ್ಟಿದಳು. ಬುರ್ರ್ ಎಂದು ಬಾಕ್ಸು ಕೂಗಿದ್ದಕ್ಕೆ ಅಮ್ಮನ ಕೈಯ ಮೊರ ಕೆಳಗೆ ಬಿತ್ತು.

ಅದನ್ನು ಸಿರಾಕ್ಕೆ ಒಯ್ದು ಭಾಯ್‌ಗೆ ಕೇಳಿಸಿದೆ. ಯಾರು ಮಾಡಿದ್ದು ಎಂದರು. ನಮ್ಮಕ್ಕ ಎಂದೆ. "ತಮಾಷಾ ಮಾಡ್ಬೇಡ ಬೇಟಾ" ಎಂದವರು ಮುಚ್ಚಳ ಬಿಚ್ಚಿಸಿ ಒಳಗಿನ ಬೆಸುಗೆಯನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. ಆಮೇಲೆ, ತಮ್ಮ ಅಂಗಡಿಗೆ ಅಂಥ ಹತ್ತು ಬೇಕು, ಸಾಮಾನು ತಾವೇ ಕಳಿಸುತ್ತೇವೆ, ಮನೆಯಲ್ಲೇ ಕೂತು ಮಾಡಲಿ, ಚೆನ್ನಾಗಿದ್ದರೆ ಮುಂದೆಯೂ ಕೆಲಸ ಇರುತ್ತದೆ ಎಂದರು. ಅದನ್ನು ಹೇಳಿದಾಗ ಅಕ್ಕ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಇದಾದ ಹದಿನೈದು ದಿನಕ್ಕೆ ಕೊಳಾಲದಲ್ಲಿ ಒಂದು ಬೀಗರ ಊಟ. ಅಕ್ಕ ಎರಡು ಫ್ಯೂಸು ಹೆಚ್ಚಿಗೆ ಕೊಟ್ಟು ಕಳಿಸಿದಳು. ಗಾಜಿನ ಕೊಳವೆಯೊಳಗೆ ಕೂದಲಿನಂಥ ತಂತಿ. ಹೊರೆ ಹೆಚ್ಚಾದರೆ ಅದು ಸುಟ್ಟು ಮಿಕ್ಕಿದ್ದನ್ನು ಉಳಿಸುತ್ತದೆ. "ಎರಡೇ ಬಾಕ್ಸು ಹಾಕು. ಈ ಎರಡೂ ಫ್ಯೂಸ್ ಹೋದ್ರೆ ಆಫ್ ಮಾಡಿ ಮನೇಗೆ ತಗೊಂಬಂದ್ಬುಡು" ಎಂದಿದ್ದಳು.

ಊಟದ ಪಂಕ್ತಿ ಏಳುವ ಹೊತ್ತಿಗೆ ಗಂಡಿನ ಕಡೆಯವರು ಬಂದು ಗೇಲಿ ಶುರು ಮಾಡಿದರು. "ಏನ್ ಗುರೂ, ನಿನ್ ಸೆಟ್ಟು ಇನ್ನೂ ಉಂಡಿಲ್ವಾ? ಸೊಲ್ಲೇ ಬರ್ತಿಲ್ಲ!" ಎಲ್ಲರೂ ನಕ್ಕರು. ಅವರ ಹತ್ತಿರವೇ ಇದ್ದ ಇನ್ನೆರಡು ಬಾಕ್ಸು ತಂದು ಅದೇ ತಂತಿಗೆ ಸಿಕ್ಕಿಸಿದೆ. ಫ್ಯೂಸು ಹೋಯಿತು. ಇನ್ನೊಂದು ಹಾಕಿದೆ, ಹೋಯಿತು. ಮತ್ತೊಂದೂ ಹೋಯಿತು. ಜನ ಶಿಳ್ಳೆ ಹೊಡೆಯುತ್ತಿದ್ದರು. ಅಲ್ಲೇ ಬಿದ್ದಿದ್ದ ಸಿಗರೇಟು ಪ್ಯಾಕಿನ ಸಿಲ್ವರ್ ಪೇಪರು ಹರಿದು, ಸುಟ್ಟ ಫ್ಯೂಸಿಗೆ ಸುತ್ತಿ ಒಳಗೆ ತುರುಕಿದೆ.

ಇಪ್ಪತ್ತು ನಿಮಿಷ ಚೆನ್ನಾಗಿ ಹಾಡಿತು. ಆಮೇಲೆ ಪಟ್ ಎಂದು ಒಂದು ಸದ್ದು, ಹಿಂದೆಯೇ ಹೊಗೆ. ಭಾಯ್‌ದೂ ಸೇರಿ ನಾಲ್ಕು ಬಾಕ್ಸೂ ಸುಟ್ಟವು.

ಬರುವ ದಾರಿಯಲ್ಲಿ ಕೊರಟಗೆರೆಯಲ್ಲಿ ಆಟೋ ನಿಲ್ಲಿಸಿ ಒಂದು ಹೊಸ ಫ್ಯೂಸು ಕೊಂಡೆ. ಸಿಲ್ವರ್ ಪೇಪರು ಸುತ್ತಿದ್ದನ್ನು ಚರಂಡಿಗೆ ಎಸೆದು, ಅದಿದ್ದ ಜಾಗವನ್ನು ಅಂಗಿಯ ಚುಂಗಿನಿಂದ ಒರೆಸಿ, ಹೊಸದನ್ನು ಹಾಕಿದೆ. ಇದು ನಾನು ಮಾಡಿದ್ದು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅಕ್ಕ ಮುಚ್ಚಳ ಬಿಚ್ಚುವ ಮೊದಲು ಫ್ಯೂಸನ್ನೇ ತೆಗೆದು ಬೆಳಕಿಗೆ ಹಿಡಿದಳು. ಒಳಗಿನ ತಂತಿ ಸರಿಯಾಗಿತ್ತು. ಆಮೇಲೆ ಬಲ್ಬು ಸೇರಿಸಿ ಕರೆಂಟು ಕೊಟ್ಟಳು. ಬಲ್ಬು ಪೂರ್ತಿ ಹೊಳೆಯಿತು, ಮಂಕಾಗಲೇ ಇಲ್ಲ.

"ಲೇ, ಫ್ಯೂಸ್ ಮುಟ್ಟಿದ್ಯೇನ್ಲಾ?"

"ಇಲ್ಲ ಕಣಕ್ಕ. ಸೆಟ್ಟೇ ತಾನಾಗಿ ಸುಟ್ಟೋಯ್ತು."

ನನ್ನ ಮುಖವನ್ನೇ ನೋಡಿದಳು. ಬಲ್ಬಿನ ತಂತಿ ಕಿತ್ತಿಟ್ಟಳು.

ಭಾಯ್ ಫೋನಿನಲ್ಲಿ ಅಕ್ಕನ ಜೊತೆಯೇ ಮಾತಾಡಿದರು. ಬಾಕ್ಸು ಸುಟ್ಟಿದ್ದಕ್ಕೆ ಒಂದು ಮಾತೂ ಅನ್ನಲಿಲ್ಲ. "ಸುಡೋದು ತಪ್ಪಲ್ಲಮ್ಮಾ. ಯಾಕೆ ಸುಟ್ಟಿತು ಅಂತ ಗೊತ್ತಿಲ್ದೆ ಹತ್ತು ಮಾಡಿದ್ರೆ ಹತ್ತೂ ಸುಡ್ತಾವೆ. ಕಾರಣ ಹೇಳಿ, ಸಾಮಾನು ತಗೊಂಡೋಗಿ" ಎಂದರು. ಒಂದು ತಿಂಗಳು ಟೈಮ್ ಕೊಟ್ಟರು.

ಆ ಒಂದು ತಿಂಗಳು... ಸುಟ್ಟ ಟ್ರಾನ್ಸಿಸ್ಟರುಗಳನ್ನು ಅವಳು ವಾರದೊಳಗೇ ಬದಲಾಯಿಸಿದಳು. ಬಲ್ಬು ಮಂಕಾಯಿತು, ಆಂಪ್ಲಿಫೈಯರು ಹಾಡಿತು. ಆದರೂ ದಿನಾ ಅದನ್ನು ಬಿಚ್ಚಿಕೊಂಡು ಕೂರುತ್ತಿದ್ದಳು. ಟ್ರಾನ್ಸಿಸ್ಟರು ಡೂಪ್ಲಿಕೇಟ್ ಇದ್ದವೇನೋ ಎನ್ನುವಳು. ಶಾಖದ ಪಟ್ಟಿಗೆ ಸರಿಯಾಗಿ ಅಂಟಿರಲಿಲ್ಲವೇನೋ ಎನ್ನುವಳು. ತನ್ನ ಬೆಸುಗೆಯೇ ಬಿಟ್ಟಿತೇನೋ ಎಂದು ಒಂದು ದಿನ ತನ್ನ ಬೆರಳುಗಳನ್ನು ನೋಡಿಕೊಂಡಳು. ನಾನು ಪ್ರತಿಯೊಂದಕ್ಕೂ ಇದ್ದರೂ ಇರಬಹುದು ಎಂದು ತಲೆಯಾಡಿಸಿದೆ.

"ಒಂದ್ಸಲ ಜ್ಞಾಪಿಸ್ಕೊಂಡು ಹೇಳ್ಲಾ. ಗಾಬ್ರೀಲಿ ಏನಾರ ಮಾಡಿರ್ತೀಯ. ನಾನೇನ್ ಹೊಡೆಯಲ್ಲ."

"ಜನರೇಟರ್ದೇ ಇರ್ಬೇಕು ಕಣಕ್ಕ. ವೋಲ್ಟೇಜು ಏರ್ತಾ ಇಳೀತಾ ಇತ್ತು" ಎಂದೆ.

ಯಾಕೆ ಹೇಳಲಿಲ್ಲ? ಹೇಳಿದರೆ ಭಾಯ್ ಬಾಕ್ಸು ಕೊಡುವುದಿಲ್ಲ, ನನ್ನ ಹೊಟ್ಟೆಪಾಡು ಹೋಗುತ್ತದೆ ಎಂಬ ಭಯ ಇತ್ತು, ನಿಜ. ಆದರೆ ಎಲ್ಲರೂ ನಿಮ್ಮಕ್ಕ ನಿಮ್ಮಕ್ಕ ಎನ್ನುತ್ತಿದ್ದದ್ದು ಒಳಗೆಲ್ಲೋ ಚುಚ್ಚುತ್ತಿತ್ತೇ? ಇತ್ತೆನ್ನಿಸುತ್ತದೆ ಒಂದೊಂದು ದಿನ. ಇನ್ನೊಂದು ದಿನ ಛೆ, ಹಾಗಿರಲಿಲ್ಲ ಎನ್ನಿಸುತ್ತದೆ. ನನ್ನ ಮನಸ್ಸು ನನಗೇ ಸರಿಯಾಗಿ ಕಾಣುತ್ತಿಲ್ಲ.

ತಿಂಗಳು ತುಂಬಿದ ದಿನ ಅವಳನ್ನು ಆಟೋದಲ್ಲಿ ಸಿರಾಕ್ಕೆ ನಾನೇ ಕರೆದೊಯ್ದೆ. ಅಂಗಡಿಯ ಮುಂದೆ ಇಳಿದವಳು ಒಂದು ಕೈ ಆಟೋದ ಮೇಲೇ ಇಟ್ಟು ನಿಂತಳು.

"ಇನ್ನೇನಾರ ಹೇಳೋದು ಐತೇನ್ಲಾ?"

"ಏನೈತೆ ಹೇಳಕ್ಕೆ? ಬಿರ್ರನೆ ಹೋಗ್ಬಾ, ಬಿಸ್ಲು."

ಹತ್ತು ನಿಮಿಷಕ್ಕೆ ಹೊರಗೆ ಬಂದಳು. "ಕೆಲ್ಸ ಆಗ್ಲಿಲ್ಲ ಕಣ್ಲಾ. ನಡಿ" ಎಂದಳು. ಕಾರಣ ಗೊತ್ತಾಗಲಿಲ್ಲ ಎಂದು ಹೇಳಿ ಬಂದಿದ್ದಾಳೆ ಅಂದುಕೊಂಡೆ. ಮಧುಗಿರಿಯಲ್ಲಿ ಟೀ ಕುಡಿಸಿದಳು. ಬೋಂಡಾ ತಿಂತೀಯಾ ಎಂದು ಕೇಳಿದಳು. ಅವತ್ತಿನಿಂದ ಸೋಲ್ಡರಿಂಗ್ ಐರನ್ ಹಿಡಿಯಲಿಲ್ಲ.

ಆ ಆಂಪ್ಲಿಫೈಯರು ನನ್ನ ಹತ್ತಿರ ಆರು ವರ್ಷ ಓಡಿತು. ಒಮ್ಮೆಯೂ ಕೆಡಲಿಲ್ಲ.

ಅಕ್ಕನಿಗೆ ಮಾರನೆಯ ವರ್ಷ ಪಾವಗಡದ ಕಡೆ, ಕ್ಯಾತಗಾನಚೆರ್ಲಿಗೆ ಮದುವೆಯಾಯಿತು. ಭಾವ ಸೋಲಾರ್ ಪಾರ್ಕಿನಲ್ಲಿ ವಾಚ್‌ಮನ್. ಅವಳೂ ಅಲ್ಲೇ ಹೆಂಗಸರ ಜೊತೆ ಪ್ಯಾನಲ್ ತೊಳೆಯಲು ಹೋಗುತ್ತಿದ್ದಳು. ಒಂದು ಸಲ ನೋಡಲು ಹೋದಾಗ, ಸಾಲು ಸಾಲು ಗಾಜಿನ ನಡುವೆ ಉದ್ದನೆಯ ಮಾಪು ಹಿಡಿದು ನಿಂತಿದ್ದಳು. "ಈಗ ಕರೆಂಟ್ಗೇ ಸ್ನಾನ ಮಾಡಿಸ್ತೀನಿ ಕಣ್ಲಾ" ಎಂದು ನಕ್ಕಳು. ಅವತ್ತು ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಊಟಕ್ಕೆ ಕರೆದರು... ಮೂರು ವರ್ಷದ ಹಿಂದೆ ಅವಳಿಗೆ ಕಾಮಾಲೆ ಬಂತು. ಹದಿನೈದು ದಿನ ಮಲಗಿದ್ದಳು, ತೀರಿಹೋದಳು.

ಮೊಬೈಲ್ ರಿಪೇರಿಯಾಗುವವರೆಗೆ ಇದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಯಾಕೆ ಬಾಯಿಗೆ ಬಂತೋ, ಅಂಗಡಿಯವನನ್ನು ಕೇಳಿದೆ: ಒಳಗೆ ಶಾರ್ಟ್ ಆಗಿ ಟ್ರಾನ್ಸಿಸ್ಟರು ಸುಟ್ಟುಹೋಗಿ, ಫ್ಯೂಸು ಮಾತ್ರ ಚೆನ್ನಾಗಿರಲು ಸಾಧ್ಯವಾ?

ಅವನು ತಲೆ ಎತ್ತದೆ ಹೇಳಿದ. "ಶಾರ್ಟ್ ಇನ್ನೂ ಅಂಗೇ ಐತೆ, ಫ್ಯೂಸ್ ಚೆನ್ನಾಗೈತೆ ಅಂದ್ರೆ ಆಗಕ್ಕಿಲ್ಲಣ್ಣ. ಆಮ್ಯಾಕೆ ಯಾರೋ ಹೊಸ್ದು ಹಾಕವ್ರೆ. ನೋಡುದ್ ತಕ್ಷಣ ಗೊತ್ತಾಗ್ಬುಡ್ತದೆ."

ನೋಡಿದ ತಕ್ಷಣ. ಅಂದರೆ ಅಕ್ಕನಿಗೆ ಮೊದಲ ಸಂಜೆಯೇ ಗೊತ್ತಾಗಿತ್ತೇ? ಹಾಗಿದ್ದರೆ ತಿಂಗಳಿಡೀ ಅದನ್ನು ಬಿಚ್ಚಿಕೊಂಡು ಕೂತಿದ್ದು ಯಾಕೆ? ಮತ್ತೆ ಮತ್ತೆ ನನ್ನನ್ನು ಕೇಳಿದ್ದು ಯಾಕೆ? ಮೊಬೈಲು ಇಸಿದುಕೊಂಡು ಭಾಯ್ ಅಂಗಡಿಗೆ ನಡೆದೆ.

ಸೌಂಡ್ ಕೆಲಸ ಬಿಟ್ಟು ಬಹಳ ವರ್ಷವಾಗಿತ್ತು. ಭಾಯ್ ಗಡ್ಡ ಬೆಳ್ಳಗಾಗಿತ್ತು. ಗುರುತು ಹಿಡಿದು ಕೂರಿಸಿದರು. ಅವತ್ತು ಅಕ್ಕ ಏನು ಹೇಳಿದ್ದಳು ಎಂದು ಕೇಳಿದೆ.

"ಅರೇ, ನಿನಗೆ ಗೊತ್ತಿಲ್ವಾ? ಕಾರಣ ಸಿಕ್ಕಿದೆ ಭಾಯ್, ಆದ್ರೆ ಹೇಳಕ್ಕಾಗಲ್ಲ ಅಂದ್ರು. ನಾನು ಎಷ್ಟು ಕೇಳಿದೆ! ಹೇಳ್ದೆ ಇದ್ರೆ ಕೆಲಸ ಹೆಂಗೆ ಕೊಡ್ಲಮ್ಮಾ ಅಂದೆ. ಕೊಡ್ಬೇಡಿ, ಪರವಾಗಿಲ್ಲ ಅಂತ ಎದ್ದು ಹೋದ್ರು. ಬಹುತ್ ಜಿದ್ದು ಆ ಹುಡ್ಗಿಗೆ. ಏನಾಗಿತ್ತು ಬೇಟಾ ಅದಕ್ಕೆ?"

"ಗೊತ್ತಿಲ್ಲ ಭಾಯ್" ಎಂದೆ. ಅಷ್ಟು ಸಲೀಸಾಗಿ ಬಂತು ಆ ಮಾತು.

ಹೊರಗೆ ಬಂದು ಆಟೋದಲ್ಲಿ ಕೂತೆ. ಕೀ ಹಾಕಿದೆ, ತಿರುಗಿಸಲಿಲ್ಲ. ಅವಳು ಹೇಳಿದ್ದರೆ ಅವಳಿಗೆ ಕೆಲಸ ಸಿಗುತ್ತಿತ್ತು, ನನಗೆ ಬಾಕ್ಸು ತಪ್ಪುತ್ತಿತ್ತು. ನನ್ನದನ್ನು ಉಳಿಸಲು ತನ್ನದನ್ನು ಬಿಟ್ಟಳು. ಈಗ ನಾನು ಹೋಗಿ ಹೇಳಿದರೆ, ಅವಳು ಅಷ್ಟು ಕಷ್ಟಪಟ್ಟು ಮುಚ್ಚಿದ್ದನ್ನು ಬಿಚ್ಚಿದಂತೆ ಆಗುತ್ತದೆಯೇ? ಹೇಳದಿದ್ದರೆ ನಾನು ನಾಲ್ಕನೇ ಸಲವೂ ಸುಳ್ಳು ಹೇಳಿ... ಯಾವುದು ಸರಿ ಎಂದು ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಇಳಿದು ಮತ್ತೆ ಒಳಗೆ ಹೋದೆ. ನಿಂತುಕೊಂಡೇ ಹೇಳಿದೆ: ನಾಲ್ಕು ಬಾಕ್ಸು, ಸಿಲ್ವರ್ ಪೇಪರು, ಕೊರಟಗೆರೆಯಲ್ಲಿ ಕೊಂಡ ಹೊಸ ಫ್ಯೂಸು, ಎಲ್ಲ.

ಬೈಯುತ್ತಾರೆ ಎಂದುಕೊಂಡಿದ್ದೆ. ಭಾಯ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಖ ಅರಳಿತು. "ಹಂಗಾದ್ರೆ ಆ ಹುಡ್ಗಿ ಕೈಯ್ದು ಏನೂ ತಪ್ಪಿರಲಿಲ್ಲ! ಕಾರಣ ಸಿಕ್ತಲ್ಲ ಬೇಟಾ, ಮಾತು ಮಾತೇ. ಕೆಲಸ ಇವತ್ತೂ ಇದೆ ನನ್ನ ಹತ್ರ, ಒಳ್ಳೆ ಕೈ ಸಿಗ್ತಾ ಇಲ್ಲ. ಈಗ ಎಲ್ಲಿದ್ದಾರೆ ನಿಮ್ಮಕ್ಕ? ನಂಬರ್ ಹೇಳು" ಎಂದು ಬಿಲ್ ಪುಸ್ತಕ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, ನನ್ನ ಮುಖ ನೋಡುತ್ತಾ ಕೂತರು.