ಕೊಯ್ದ ಹಗ್ಗದ ಬುಟ್ಟಿ

ಹೋದ ಭಾನುವಾರ ಅವ್ವ ಉಳ್ಳಾಗಡ್ಡಿ ಬುಟ್ಟಿಯನ್ನು ತೊಳೆದು ಬಾಲ್ಕನಿಯ ಬಿಸಿಲಿಗೆ ಇಟ್ಟಿದ್ದಳು. ಒದ್ದೆ ಬೆತ್ತದ ವಾಸನೆ, ಅದರ ಜೊತೆಗೆ ಹಿಡಿಕೆಗೆ ಕಟ್ಟಿದ ನಾರಿನ ಹಗ್ಗದ ಮುಗ್ಗಲು ವಾಸನೆ. ಹಗ್ಗ ಈಗ ಒಂದು ಗೇಣಿನಷ್ಟೇ ಉಳಿದಿದೆ. ಗಂಟು ಭದ್ರವಾಗಿದೆ. ತುದಿ ಸವೆದು ಹರಿದದ್ದಲ್ಲ, ಚಾಕುವಿನಿಂದ ಕೊಯ್ದದ್ದು. ಅಂಧೇರಿಯ ಈ ಮನೆಗೆ ಬರುವಾಗ ಎಷ್ಟೋ ಸಾಮಾನು ಹಂಚಿ ಬಂದೆವು. ನಮ್ಮದಲ್ಲದ ಈ ಬುಟ್ಟಿ ಮಾತ್ರ ನಮ್ಮೊಡನೆ ಬಂತು. ಅದು ವಡಾಲದ ಬಿಲ್ಡಿಂಗಿನಲ್ಲಿ ನಮ್ಮ ಎದುರುಮನೆಯಲ್ಲಿದ್ದ ವೈನಿಯದು.

ಅವರು ನಮಗೆ ಸಂಬಂಧಿಕರೇನಲ್ಲ. ಅಣ್ಣನ ಹೆಂಡತಿಯನ್ನು ಕರೆಯುವ ಹೆಸರಿನಿಂದಲೇ ನೆರೆಮನೆಯವಳನ್ನೂ ಕರೆಯುವುದು ನಮ್ಮ ಧಾರವಾಡದ ಕಡೆಯ ರೂಢಿ. ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅವರಿಗೂ ನನಗೂ ಮೂರೋ ನಾಲ್ಕೋ ವರ್ಷದ ಅಂತರ ಇದ್ದೀತು. ಬಿಜಾಪುರದ ಕಡೆಯವರು, ಮಕ್ಕಳಿರಲಿಲ್ಲ.

ಆ ಬಿಲ್ಡಿಂಗಿನಲ್ಲಿ ಹಗಲು ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಪರದೆ ಇಳಿಬಿಟ್ಟರೆ ಮುಗಿಯಿತು. ಬಾಗಿಲು ಮುಚ್ಚಿದೆಯೆಂದರೆ ಒಳಗೆ ಕಾಯಿಲೆ ಇದೆ ಅಥವಾ ಜಗಳ ನಡೆದಿದೆ ಎಂದು ತಿಳಿಯುತ್ತಿದ್ದರು. ವೈನಿಯ ಬಾಗಿಲಿಗೆ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆಯವರೆಗೆ ಹೊರಗಿನಿಂದ ಕೀಲಿ ಬೀಳುತ್ತಿತ್ತು. ಅದನ್ನು ಹಾಕುವವರು ಅವರ ಯಜಮಾನರೇ. ಆಫೀಸಿನಲ್ಲಿ ಗುಮಾಸ್ತರು, ಮೆಲುದನಿಯವರು, ಮೆಟ್ಟಿಲಲ್ಲಿ ಹೆಂಗಸರು ಎದುರಾದರೆ ಗೋಡೆಗೆ ಸರಿದು ದಾರಿ ಬಿಡುವವರು. ಬಂದ ಹೊಸದರಲ್ಲಿ ಅವರೇ ನಮ್ಮ ಮನೆಗೆ ಬಂದು ಹೇಳಿ ಹೋಗಿದ್ದರು. “ಆಕೀಗೆ ಫಿಟ್ಸ್ ಬರ್ತಾವ್ರೀ. ಹೊರಗ ಹೋದ್ರ ದಾರಿ ತಿಳಿಯೂದಿಲ್ಲ. ಮುಂಬಯಿ ನೋಡ್ರಿ, ಏನ್ ಮಾಡೂದು.” ಅವ್ವ ಮರುಗಿದಳು. ಎರಡು ವರ್ಷದಲ್ಲಿ ಆ ಮನೆಯಿಂದ ಒಮ್ಮೆಯೂ ಫಿಟ್ಸ್ ಬಂದ ಸದ್ದು ಕೇಳಲಿಲ್ಲ. ಆದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ನಾನೂ ಸೇರಿ.

ಲೆಕ್ಕಕ್ಕೆ ಬಂದದ್ದು ಬುಟ್ಟಿ. ವೈನಿಯ ಅಡುಗೆಮನೆಯ ಕಿಟಕಿ ಗಲ್ಲಿಯ ಕಡೆಗಿತ್ತು. ಭಾಜಿ ಮಾರುವವಳ ಕೂಗು ಕೇಳಿದೊಡನೆ ಎರಡನೆಯ ಮಹಡಿಯಿಂದ ಬುಟ್ಟಿ ಇಳಿಯುತ್ತಿತ್ತು. ಮುಂಬಯಿಯಲ್ಲಿ ಅದೇನು ವಿಶೇಷವಲ್ಲ, ನಾವೂ ಇಳಿಸುತ್ತಿದ್ದೆವು. ಆದರೆ ವೈನಿ ದಿನಕ್ಕೆ ಮೂರು ಸಲ ಇಳಿಸುತ್ತಿದ್ದರು. ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ, ಒಂದು ಕಟ್ಟು ಕೊತ್ತಂಬರಿ. ಬುಟ್ಟಿ ಕೆಳಗಿದ್ದಷ್ಟು ಹೊತ್ತು ಅವರು ಮೇಲಿನಿಂದ ಹರುಕು ಮರಾಠಿಯಲ್ಲಿ ಮಾತಾಡುತ್ತಿದ್ದರು. ಭಾಜಿಯವಳ ಮಗಳಿಗೆ ಜ್ವರ ಬಿಟ್ಟಿತೇ, ಪೇಟೆಯಲ್ಲಿ ಮಾವು ಬಂತೇ...

ಕೆಳಗಿನ ಮನೆಯ ಕಾಕೂ ಒಂದು ದಿನ ಅವ್ವನ ಎದುರು ಅಂದರು, “ಗಂಡಾ ಹೆಂಡತಿ ಇಬ್ಬರಿಗೆ ದಿನಾ ಮೂರು ಸಿವುಡು ಕೊತ್ತಂಬರಿ ಯಾತಕ್ಕವಾ? ಮನ್ಯಾಗ ಆಡು ಕಟ್ಯಾಳೇನು?”

ಅವ್ವ ನಕ್ಕಳು. ಕಾಕೂ ದನಿ ಇಳಿಸಿದರು. “ನಗಬ್ಯಾಡ. ಗಂಡ ಸುಮ್ಮನ ಕೀಲಿ ಹಾಕತಾನಂದ್ರ ಏನರ ಇದ್ದ ಇರತದ.”

ಆ ಮಾತು ನನ್ನಲ್ಲಿ ಉಳಿಯಿತು. ಸಂಶಯಕ್ಕೆ ಒಂದು ಹಗ್ಗ ಸಾಕಾಗಿತ್ತು.

ಆ ವರ್ಷ ಮಾಟುಂಗದ ಕನ್ನಡ ಮಹಿಳೆಯರು ಒಂದು ನಾಟಕ ಆಡುವವರಿದ್ದರು. ಗಂಡ ಕೂಡಿಹಾಕಿದ ಹೆಂಡತಿಯೊಬ್ಬಳ ಕಥೆ. ನನಗೆ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವ ಕೆಲಸ. ನಾಟಕದ ಗಂಡನಿಗೆ ದಪ್ಪ ಮೀಸೆ, ಕೈಯಲ್ಲಿ ಬೆಲ್ಟು, ಬಂದಾಗಲೆಲ್ಲ ಗರ್ಜನೆ. ತಾಲೀಮಿನಲ್ಲಿ ನಾನು ಎರಡು ಸಲ ಅತ್ತಿದ್ದೆ. ಮನೆಗೆ ಬಂದು, ಎದುರಿನ ಬಾಗಿಲ ಕೀಲಿಯನ್ನು ದಾಟಿ, ಊಟಕ್ಕೆ ಕೂರುತ್ತಿದ್ದೆ.

ನಾಟಕದ ಹಿಂದಿನ ಸೋಮವಾರ ನಾನು ಕಾಲೇಜಿಗೆ ಹೊರಟು ಗಲ್ಲಿಗೆ ಕಾಲಿಟ್ಟಾಗ ಬುಟ್ಟಿ ನನ್ನ ತಲೆಯ ಮಟ್ಟಕ್ಕೆ ಇಳಿದು ನಿಂತಿತು. ಭಾಜಿಯವಳು ಇರಲಿಲ್ಲ. ಬುಟ್ಟಿಯಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಇತ್ತು. ಮೇಲೆ ನೋಡಿದೆ. ವೈನಿ ಕಿಟಕಿಯ ಸರಳಿಗೆ ಹಣೆ ಒತ್ತಿದ್ದರು.

“ತಂಗೀ, ಇದನ್ನಷ್ಟು ಡಬ್ಬಿಗೆ ಹಾಕವಾ.”

ಅಷ್ಟೇ ಅಂದರು. ನಾನು ತಲೆಯಾಡಿಸಿದೆ.

ಬಸ್ಸಿನಲ್ಲಿ ಕಾಗದವನ್ನು ನೋಡಿದೆ. ಮಡಿಕೆಗಳಲ್ಲಿ ನೀಲಿ ಮಾಸಿತ್ತು, ಬಹಳ ದಿನ ಟ್ರಂಕಿನಲ್ಲಿಟ್ಟದ್ದಿರಬೇಕು. ಅಂಚನ್ನು ಅನ್ನದ ಅಗುಳಿನಿಂದ ಅಂಟಿಸಿದ್ದರು. ವಿಳಾಸ ಸೊಲ್ಲಾಪುರದ ಒಬ್ಬ ಗಂಡಸಿನದು. ಅವನ ಅಡ್ಡಹೆಸರು ವೈನಿಯ ಗಂಡನ ಮನೆಯದಲ್ಲ, ತವರಿನದೂ ಅಲ್ಲ. ಕಳಿಸಿದವರ ಹೆಸರಿನ ಜಾಗ ಖಾಲಿ. ಕಾಕೂ ಅಂದದ್ದು ಇದನ್ನೇ ಏನೋ ಅನ್ನಿಸಿತು. ಅಂಚೆ ಡಬ್ಬಿಯ ಮುಂದೆ ನಿಂತೆ... ಹಾಕಲಿಲ್ಲ. ಗೊತ್ತಿಲ್ಲದ ವ್ಯವಹಾರದಲ್ಲಿ ನಾನೇಕೆ ಕೈ ಹಾಕಲಿ ಎಂದುಕೊಂಡೆ. ಕಾಗದವನ್ನು ನಾಟಕದ ನೋಟುಪುಸ್ತಕದಲ್ಲಿ ಇಟ್ಟೆ. ಆರು ದಿನ ಅದು ಅಲ್ಲೇ ಇತ್ತು, ಮೂರನೆಯ ಅಂಕದ ಹಾಳೆಗಳ ನಡುವೆ.

ಭಾನುವಾರ ನಾಟಕ ಚೆನ್ನಾಗಿ ಆಯಿತು. ವೈನಿಯ ಯಜಮಾನರು ಎರಡನೆಯ ಸಾಲಿನಲ್ಲಿ ಒಬ್ಬರೇ ಕೂತಿದ್ದರು. ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದರು, ಕರವಸ್ತ್ರ ಕೈಯಲ್ಲೇ ಇತ್ತು. “ಭಾಳ ಛಲೋ ಆತ್ರೀ. ಕಣ್ಣಾಗ ನೀರು ಬಂತು. ಎಂಥೆಂಥ ಗಂಡಸರು ಇರ್ತಾರ ನೋಡ್ರಿ.”

ಮುಂಬಯಿಯ ಕನ್ನಡದವರಲ್ಲಿ ಎದುರಾದವರನ್ನು ಊರು, ನೆಂಟರು, ಯಾರ ಪೈಕಿ ಎಂದು ವಿಚಾರಿಸುವುದೇ ಮರ್ಯಾದೆ. ನಾನು ಅದನ್ನು ಎಂದೂ ಮಾಡಿದವಳಲ್ಲ. ಆ ದಿನ ಮಾಡಿದೆ.

“ಸೊಲ್ಲಾಪುರದಾಗ ನಿಮ್ಮ ಪೈಕಿ ಯಾರರ ಅದಾರೇನ್ರೀ?”

ಅವರು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟರು. “ಇಲ್ಲಲ್ರೀ. ಯಾಕ ಕೇಳಿದ್ರಿ?”

“ಹಂಗ ಸುಮ್ಮನ,” ಅಂದೆ.

ಅವರು ನಕ್ಕರು, ಮೊದಲಿನಷ್ಟೇ ಮೆತ್ತಗೆ. ಆದರೆ ನನ್ನ ಕೈಯಲ್ಲಿದ್ದ ನೋಟುಪುಸ್ತಕವನ್ನು ನೋಡುತ್ತ ನಕ್ಕರು. ಒಳಗೇನಿದೆಯೆಂದು ಅವರಿಗೆ ಹೇಗೆ ತಿಳಿದೀತು... ಆದರೂ ನಾನು ಪುಸ್ತಕವನ್ನು ಬೆನ್ನ ಹಿಂದೆ ಸರಿಸಿದೆ. ಅಷ್ಟು ದಿನ ಸಂಶಯಪಡಬೇಕಾಗಿದ್ದದ್ದು ಯಾರ ಮೇಲೆ ಎಂಬುದು ಆಗ ಹೊಳೆಯಿತು.

ಸೋಮವಾರ ಬೆಳಿಗ್ಗೆ ಓಡಿಹೋಗಿ ಕಾಗದವನ್ನು ಡಬ್ಬಿಗೆ ಹಾಕಿದೆ. ಹಿಂದಿರುಗುವಾಗ ಗಲ್ಲಿಯ ಗಟಾರದ ಪಕ್ಕ ಹಗ್ಗ ಕೊಯ್ದ ಬುಟ್ಟಿ ಬಿದ್ದಿತ್ತು. ಮೇಲೆ ಕಿಟಕಿ ಮುಚ್ಚಿತ್ತು. ಭಾಜಿಯವಳು ಎರಡು ಸಲ ಕೂಗಿ, ಕಾದು, ಮುಂದೆ ಹೋದಳು. ಬುಟ್ಟಿಯನ್ನು ಮನೆಗೆ ತಂದು, ಕೀಲಿ ತೆಗೆದಾಗ ಕೊಟ್ಟರಾಯಿತೆಂದು ಇಟ್ಟುಕೊಂಡೆ. ಆ ಸಂಜೆಯೂ ಮರುಸಂಜೆಯೂ ಕೀಲಿ ತೆಗೆದ ಮೇಲೆ ಬಾಗಿಲು ಒಳಗಿನಿಂದ ಮುಚ್ಚಿಯೇ ಇತ್ತು. ಬುಧವಾರ ನಾನು ಕಾಲೇಜಿನಲ್ಲಿದ್ದಾಗ ಅವರು ಮನೆ ಖಾಲಿ ಮಾಡಿದರು. ಕುರ್ಲಾದ ಕಡೆ ಅಂದರು ಒಬ್ಬರು, ಇನ್ನೊಬ್ಬರು ಇನ್ನೆಲ್ಲೋ ಅಂದರು. ವೈನಿ ತಲೆ ಬಗ್ಗಿಸಿಯೇ ಮೆಟ್ಟಿಲಿಳಿದರು, ಯಾರನ್ನೂ ಮಾತಾಡಿಸಲಿಲ್ಲ ಎಂದು ಅವ್ವ ಹೇಳಿದಳು.

ಶನಿವಾರ ವಯಸ್ಸಾದವರೊಬ್ಬರು ಬಂದರು. ಧೋತರ, ಬಿಳಿ ಟೊಪ್ಪಿಗೆ, ಕೈಯಲ್ಲಿ ಚೀಲ. ಖಾಲಿ ಮನೆಯ ಬಾಗಿಲಿಗೆ ಬಿದ್ದಿದ್ದ ಕೀಲಿಯನ್ನು ಕೈಯಲ್ಲಿ ಹಿಡಿದು ನೋಡುತ್ತ ನಿಂತಿದ್ದರು. ಅವ್ವ ಒಳಗೆ ಕರೆದು ನೀರು ಕೊಟ್ಟಳು. ವೈನಿಯ ಸೋದರಮಾವ. ತಾಯಿಯ ಅಣ್ಣ, ಅಡ್ಡಹೆಸರು ಬೇರೆಯೇ ಇರುತ್ತದೆ. ಬಿ.ಎ. ಓದುತ್ತಿದ್ದ ನನಗೆ ಇಷ್ಟು ತೋಚಿರಲಿಲ್ಲ.

“ಕರಕೊಂಡ ಹೋಗು ಅಂತ ಬರದಿದ್ಲು,” ಅಂದರು. “ನನಗ ಮುಟ್ಟೂದ ತಡಾ ಆತು.” ಚೀಲದಿಂದ ಕಾಗದ ತೆಗೆದು, ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು ಓದಿದರು. “ಎದುರುಮನಿ ಹುಡುಗಿ ಹೊರಗ ಬರೂದು ಕಾಯಾಕತ್ತೇನಿ. ಆಕಿ ಕೈಯಾಗ ಕೊಡತೇನಿ. ಆಕಿ ಕಲತಾಕಿ, ಯಾರ ಕೂಡಾನೂ ಮಾತಾಡಾಕಿ ಅಲ್ಲ. ಇವರಿಗೆ ಸುದ್ದಿ ಹೋಗಂಗಿಲ್ಲ.” ತಲೆಯೆತ್ತಿ ನನ್ನನ್ನು ನೋಡಿದರು. “ಆಕಿ ನೀನಾ ಏನವಾ? ದೇವರು ನಿನಗ ಛಲೋ ಮಾಡ್ಲಿ.”

ನಾನು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಅವರು ಎರಡು ದಿನ ಕುರ್ಲಾ ಸುತ್ತಿ ಸೊಲ್ಲಾಪುರಕ್ಕೆ ಮರಳಿದರು. ಆಮೇಲೆ ಒಂದು ಕಾರ್ಡು ಬಂತು, ಏನಾದರೂ ತಿಳಿದರೆ ಬರೆಯಿರಿ ಎಂದು. ತಿಳಿಯಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿಲ್ಲ. ವೈನಿ ನನ್ನ ಬಗ್ಗೆ ತಿಳಿದದ್ದು ಅಷ್ಟರಮಟ್ಟಿಗೆ ಸರಿಯೇ...

ಹೋದ ಭಾನುವಾರ ಬುಟ್ಟಿ ಒಣಗುತ್ತಿದ್ದಾಗ ಅವ್ವ ನನಗೆ ಬಂದ ಒಂದು ಸಂಬಂಧದ ಮಾತು ತೆಗೆದಳು. “ಹುಡುಗ ಭಾಳ ಸಂಭಾವಿತ ಅಂತ. ದನಿ ಏರಿಸಿದ್ದು ಯಾರೂ ಕೇಳಿಲ್ಲಂತ.”

“ಆ ಮನಿ ಹೆಣಮಕ್ಕಳ ದನಿ ಯಾರರ ಕೇಳ್ಯಾರೇನು, ವಿಚಾರಿಸವಾ,” ಅಂದೆ.

ಅವ್ವ ನನ್ನ ಮುಖ ನೋಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಈಳಿಗೆಮಣೆ ತಂದಳು, ಹಗ್ಗದ ತುಂಡು ಅಡ್ಡ ಬರುತ್ತದೆ, ಕೊಯ್ದುಬಿಡುತ್ತೇನೆ ಎಂದು. ಬೇಡವೆಂದೆ. ಆ ಗಂಟು ವೈನಿ ಕಟ್ಟಿದ್ದು. ಲೋಕಲ್ ರೈಲಿನಲ್ಲಿ ಕುರ್ಲಾ ದಾಟುವಾಗಲೆಲ್ಲ ನಾನು ಕಿಟಕಿಗಳಿಂದ ಇಳಿಯುವ ಬುಟ್ಟಿಗಳನ್ನು ನೋಡುತ್ತೇನೆ. ಅಲ್ಲಿ ಅವರಿಗೆ ಯಾರಾದರೂ ಇನ್ನೊಂದು ಬುಟ್ಟಿ ಕೊಟ್ಟಿರುತ್ತಾರೆಂಬ ನಂಬಿಕೆ ನನಗಿಲ್ಲ.

ಬಿಸಿಲು ಇಳಿದ ಮೇಲೆ ಉಳ್ಳಾಗಡ್ಡಿಗಳನ್ನು ನಾನೇ ಮತ್ತೆ ಅದರಲ್ಲಿ ತುಂಬಿದೆ.